ಪದ ಉಳಿಯಿತು, ಪದಾರ್ಥ ಮರೆಯಾಯಿತು



ಸಂವಿಧಾನದ ಪ್ರಸ್ತಾವನೆಗೆ 'ಸಮಾಜವಾದಿ' ಎಂಬ ಪದ ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 25ರಂದು ವಜಾ ಮಾಡಿತು. ಅಂದು ಪದವು ಸುದ್ದಿಯಾಯಿತು. ಪದದ ಹಿಂದಿನ ಬದುಕು ಸುದ್ದಿಯಾಗುವುದು ಅಪರೂಪ. ಆದುದರಿಂದಲೇ ಸಮಾಜವಾದವೆಂದರೆ ರಷ್ಯಾದಲ್ಲಿ ಬೆಳೆದು ಅಲ್ಲಿಯೇ ಅಳಿದದ್ದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಬೀದರ್ ಜಿಲ್ಲೆಯ ಮೂರು ಊರುಗಳನ್ನು ನೋಡಿದರೆ ಈ ಭಾವನೆ ಸಡಿಲಗೊಳ್ಳುತ್ತದೆ.

ಔರಾದ್ ಬಹುಪಾಲು ಮಳೆಯನ್ನೇ ನಂಬಿ ತೊಗರಿ, ಉದ್ದು, ಹೆಸರು, ಸೋಯಾ ಬೆಳೆಯುವ ಸೀಮೆ. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಆರಂಭವಾದಾಗ ರಾಜ್ಯದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ 5 ಜಿಲ್ಲೆಗಳಲ್ಲಿ ಬೀದರ್ ಒಂದು. ಕೆಲಸ ಕೇಳುವುದು ದಾನದ ಮಾತಲ್ಲ, ಹಕ್ಕು ಎಂಬ ಸಮಾಜವಾದಿಗಳ ಹಳೆಯ ಬೇಡಿಕೆಗೆ ಆ ಕಾಯಿದೆ ರೂಪ ಕೊಟ್ಟಿತು. ಅದರ ಅವ್ಯವಹಾರಗಳು ಅಚ್ಚಾದಷ್ಟು ಅದರ ತತ್ತ್ವ ಅಚ್ಚಾಗಲಿಲ್ಲ.

ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಕಟ್ಟಿದ ಸಕ್ಕರೆ ಕಾರ್ಖಾನೆ ಸಹಕಾರಿ ರಂಗದ್ದು. ಕಬ್ಬು ಬೆಳೆದವನೇ ಕಾರ್ಖಾನೆಯ ಒಡೆಯ. ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ. ಕಬ್ಬಿನ ಬಾಕಿ, ಆಡಳಿತ ಮಂಡಳಿಯ ಚುನಾವಣೆ ಸುದ್ದಿಯಾಗುತ್ತವೆ. ಈ ಒಡೆತನದ ಅರ್ಥ ಆಗುವುದಿಲ್ಲ.

ಬೀದರ್ ನಗರದ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿಯಿದೆ. ಅರಸರು ಕಟ್ಟಿಸಿದ್ದನ್ನು ಸಮಾಜವಾದವೆನ್ನಲಾಗದು. ಆದರೆ ಅದರ ಪಾಠ ದೊಡ್ಡದು. ನೆಲದೊಳಗಿನ ನೀರು ಇಳಿಜಾರಿನ ಬಲದಿಂದಲೇ ಹರಿಯುತ್ತದೆ. ನೆಲ ಕೊಟ್ಟಷ್ಟೇ ನೀರು. ಕೊಳವೆಬಾವಿಯಲ್ಲಾದರೋ ಹೆಚ್ಚು ಆಳಕ್ಕೆ ಕೊರೆಸಲು ಹಣವುಳ್ಳವನದೇ ನೀರು. ಸುರಂಗ ಬಾವಿ ಪ್ರವಾಸಿ ಪುಟದಲ್ಲಿ ಬರುತ್ತದೆ; ನೀರು ಯಾರದೆಂಬ ಪ್ರಶ್ನೆ ಯಾವ ಪುಟದಲ್ಲಿಯೂ ಬರುವುದು ವಿರಳ.

ಮಲೆನಾಡಿಗೆ ಇದು ದೂರದ ಕಥೆಯಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದುನಿಂತರು. ಅಲ್ಲಿಗೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಎಂಬ ಮಾತು 1974ರಲ್ಲಿ ಕಾನೂನಿನ ಬಲ ಪಡೆಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಅದು ಹೂಡಿಕೆಯ ವಿಷಯವಾಗಿ ಚರ್ಚೆಯಾದಷ್ಟು ಸಮಾನತೆಯ ವಿಷಯವಾಗಿ ಆಗಲಿಲ್ಲ. ಹೆಸರಿಲ್ಲದ ವಸ್ತು ಕಳೆದುಹೋದರೆ ಹುಡುಕುವವರೂ ಇರುವುದಿಲ್ಲ.

ಪತ್ರಿಕೆಗಳು ಕೇಳದ ಪ್ರಶ್ನೆಯನ್ನು ಗ್ರಾಮಸಭೆಗಳಾದರೂ ಕೇಳಲಿ: ಈ ನೀರು ಯಾರದು, ಈ ನೆಲ ಯಾರಿಗೆ? ಔರಾದಿನ ಬಯಲಿಗೂ ಮಲೆನಾಡಿನ ಗುಡ್ಡಕ್ಕೂ ಪ್ರಶ್ನೆ ಒಂದೇ.