ಬಹಿಷ್ಕೃತ ಬ್ಯಾಂಡುಗಳ ಮರುಪ್ರವೇಶ

ಪಾಪ್ ಸಂಗೀತದಲ್ಲಿ ಒಂದು ಬ್ಯಾಂಡು ಮರೆಯಾಗುವುದು ಎರಡು ಬಗೆಯಲ್ಲಿ. ಜನ ಕೇಳುವುದನ್ನೇ ಬಿಟ್ಟರೆ ಅದು ಮರೆವು. ಜನ ಕೇಳುತ್ತಲೇ ಇದ್ದು, ಕೇಳುತ್ತೇವೆಂದು ಹೇಳಿಕೊಳ್ಳಲು ಮಾತ್ರ ನಾಚಿದರೆ ಅದು ಬಹಿಷ್ಕಾರ. 1970ರ ದಶಕದ ಮೂರು ದೊಡ್ಡ ಹೆಸರುಗಳಾದ ಸ್ವೀಡನ್ನಿನ ಆಬಾ, ಬ್ರಿಟಿಷ್-ಅಮೆರಿಕನ್ ತಂಡ ಫ್ಲೀಟ್‌ವುಡ್ ಮ್ಯಾಕ್ ಮತ್ತು ಅಮೆರಿಕದ ಸ್ಟೀಲಿ ಡ್ಯಾನ್ ಅನುಭವಿಸಿದ್ದು ಈ ಎರಡನೆಯದನ್ನು. ಮುಂದೆ ಇದೇ ಬ್ಯಾಂಡುಗಳನ್ನು ನ್ಯೂಯಾರ್ಕಿನ ಬ್ರೂಕ್ಲಿನ್, ಲಂಡನ್ನಿನ ಶೋರ್ಡಿಚ್‌ನಂಥ ಬಡಾವಣೆಗಳ ಯುವಕ ಯುವತಿಯರು ಹೆಮ್ಮೆಯಿಂದ ಎತ್ತಿಕೊಂಡರು. ಅಭಿರುಚಿಯಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದಿರಬೇಕೆಂಬ ಹಟದ ಈ ವರ್ಗಕ್ಕೆ ಹಿಪ್‌ಸ್ಟರ್ ಎಂಬ ಹೆಸರು ಅಂಟಿಕೊಂಡಿದೆ.

ಬಹಿಷ್ಕಾರದ ಕಾರಣಗಳು ಹೆಚ್ಚಾಗಿ ಸಂಗೀತದ ಹೊರಗಿದ್ದವು. 1976-77ರಲ್ಲಿ ಬ್ರಿಟನ್ನಿನಲ್ಲಿ ಪಂಕ್ ಚಳವಳಿ ಎದ್ದಾಗ ಹಣ, ನಾಜೂಕು, ದೀರ್ಘ ಧ್ವನಿಮುದ್ರಣ ಎಲ್ಲವೂ ಶತ್ರುವಿನ ಗುರುತುಗಳಾದವು. ಸೆಕ್ಸ್ ಪಿಸ್ಟಲ್ಸ್ ತಂಡದ ಜಾನ್ ಲೈಡನ್ ಪಿಂಕ್ ಫ್ಲಾಯ್ಡ್ ಮೇಲಿನ ದ್ವೇಷವನ್ನು ಅಂಗಿಯ ಮೇಲೇ ಬರೆದುಕೊಂಡು ತಿರುಗಿದರು. ಸ್ವೀಡನ್ನಿನಲ್ಲಿ ಎಡಪಂಥೀಯ ಸಂಗೀತ ಚಳವಳಿಗೆ ಆಬಾ ಎಂದರೆ ಬರೀ ವ್ಯಾಪಾರ. ಆ ತಂಡ 1974ರಲ್ಲಿ ‘ವಾಟರ್‌ಲೂ’ ಹಾಡಿನಿಂದ ಯುರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದರಿಂದ ಮರುವರ್ಷದ ಸ್ಪರ್ಧೆ ಸ್ಟಾಕ್‌ಹೋಮಿಗೆ ಬಂತು. ಅದಕ್ಕೆ ಪ್ರತಿಯಾಗಿ ಚಳವಳಿಗಾರರು ಅದೇ ಊರಿನಲ್ಲಿ ಪರ್ಯಾಯ ಉತ್ಸವ ನಡೆಸಿದರು. ಅಮೆರಿಕದಲ್ಲಿ ಡಿಸ್ಕೋ ಎಂಬ ಕುಣಿತದ ಸಂಗೀತದ ಮೇಲಿನ ಸಿಟ್ಟು ಇನ್ನೂ ಕಹಿ. 1979ರ ಜುಲೈ 12ರಂದು ಶಿಕಾಗೋದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಡಿಸ್ಕೋ ಬೆಳೆದದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಅಂದು ಸಿಡಿದದ್ದು ರೆಕಾರ್ಡುಗಳಷ್ಟೇ ಅಲ್ಲ ಎಂಬುದನ್ನು ಅನೇಕ ವಿಮರ್ಶಕರು ಆಮೇಲೆ ಗುರುತಿಸಿದರು.

ಇಂಥ ತೀರ್ಪು ಒಂದು ತಲೆಮಾರಿನ ಜಗಳದಿಂದ ಹುಟ್ಟುತ್ತದೆ. ಮುಂದಿನ ತಲೆಮಾರಿಗೆ ಹಾಡು ಸಿಗುತ್ತದೆ, ಜಗಳ ಸಿಗುವುದಿಲ್ಲ. ಮರುಪ್ರವೇಶದ ಮೂಲ ಇಲ್ಲಿದೆ. 1977ರಲ್ಲಿ ಫ್ಲೀಟ್‌ವುಡ್ ಮ್ಯಾಕ್‌ನ ‘ರೂಮರ್ಸ್’ ಆಲ್ಬಂ ಕೊಂಡವನು ಯಾವ ಪಕ್ಷದವನು ಎಂಬ ಪ್ರಶ್ನೆ ಅಂದಿನ ಇಪ್ಪತ್ತರ ಹರೆಯದವರಿಗೆ ಮುಖ್ಯವಾಗಿತ್ತು. 2000ರ ನಂತರ ಇಪ್ಪತ್ತಕ್ಕೆ ಕಾಲಿಟ್ಟವರಿಗೆ ಆ ಪ್ರಶ್ನೆಯೇ ಅರ್ಥವಾಗದು.

ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರ ತಮ್ಮ ಗ್ರಂಥದಲ್ಲಿ, ಅಭಿರುಚಿಯೆಂಬುದು ತಾನು ಇತರರಿಗಿಂತ ಬೇರೆ ಎಂದು ತೋರಿಸಿಕೊಳ್ಳುವ ಸಾಧನವೂ ಹೌದೆಂದು ವಾದಿಸಿದರು. ಆಬಾವನ್ನು ಹಳಿಯುವುದು ಎಲ್ಲರ ವಾಡಿಕೆಯಾದ ಮೇಲೆ ಹಳಿಯುವವನಿಗೆ ಹೆಚ್ಚುಗಾರಿಕೆ ಉಳಿಯದು. ಹೊಗಳುವವನೇ ಬೇರೆಯಾಗಿ ಕಾಣುತ್ತಾನೆ. ಕಾಲದ ಲೆಕ್ಕವೂ ಇದಕ್ಕೆ ಒದಗುತ್ತದೆ. ಉಡುಪಿನ ಚರಿತ್ರೆಕಾರ ಜೇಮ್ಸ್ ಲೇವರ್ 1937ರಲ್ಲೇ ಒಂದು ಅಳತೆಗೋಲು ಕೊಟ್ಟಿದ್ದರು: ಹತ್ತು ವರ್ಷ ಹಳೆಯ ಉಡುಪು ವಿಕಾರವಾಗಿ, ಇಪ್ಪತ್ತು ವರ್ಷದ್ದು ಹಾಸ್ಯಾಸ್ಪದವಾಗಿ ಕಾಣುತ್ತದೆ, ಮೂವತ್ತು ವರ್ಷದ್ದು ಮೋಜೆನಿಸುತ್ತದೆ, ಅಲ್ಲಿಂದ ಮುಂದೆ ಮೆಚ್ಚುಗೆ ಏರುತ್ತ ಹೋಗುತ್ತದೆ. ಸಂಗೀತಕ್ಕೂ ಇದು ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಹಳತು ಯಾಕೆ ಮರಳುತ್ತದೆ ಎಂಬುದಕ್ಕೆ ಮಾತ್ರ ಈ ಎರಡು ವಾದಗಳು ಉತ್ತರಿಸುತ್ತವೆ. ಅಂದು ಹೆಸರು ಮಾಡಿದ ನೂರಾರು ಬ್ಯಾಂಡುಗಳಲ್ಲಿ ಇವೇ ಯಾಕೆ ಎಂಬುದಕ್ಕೆ ಬೇರೆ ಕಡೆ ನೋಡಬೇಕು.

ನೋಡಬೇಕಾದದ್ದು ನಡುವಿನ ವರ್ಷಗಳ ಕಾವಲುಗಾರರನ್ನು. 1982ರ ಕೊನೆಯಲ್ಲಿ ಆಬಾ ಚದುರಿದ ಮೇಲೆ ಅದರ ಹಾಡುಗಳನ್ನು ಬಿಡದೆ ಕುಣಿದವರು ಸಲಿಂಗಿಗಳ ಕ್ಲಬ್ಬುಗಳ ಜನ. 1988ರಲ್ಲಿ ಆಸ್ಟ್ರೇಲಿಯದಲ್ಲಿ ‘ಬ್ಯೋರ್ನ್ ಅಗೇನ್’ ಎಂಬ ಅನುಕರಣ ತಂಡ ಹುಟ್ಟಿತು. 1992ರಲ್ಲಿ ಇರೇಷರ್ ಎಂಬ ಪಾಪ್ ಜೋಡಿ ಆಬಾದ ನಾಲ್ಕು ಹಾಡುಗಳನ್ನು ಹೊಸದಾಗಿ ಹಾಡಿ ಬ್ರಿಟಿಷ್ ಪಟ್ಟಿಯ ತುದಿಗೇರಿತು. ಅದೇ ವರ್ಷ ‘ಆಬಾ ಗೋಲ್ಡ್’ ಸಂಕಲನ ಬಂತು. 1994ರ ಎರಡು ಆಸ್ಟ್ರೇಲಿಯನ್ ಚಿತ್ರಗಳು, ‘ಮ್ಯೂರಿಯಲ್ಸ್ ವೆಡ್ಡಿಂಗ್’ ಮತ್ತು ‘ಪ್ರಿಸಿಲ್ಲಾ’, ಆ ಹಾಡುಗಳನ್ನು ಊರಾಚೆ ಉಳಿದವರ ಹಾಡುಗಳನ್ನಾಗಿ ಮಾಡಿದವು. ಸ್ಟೀಲಿ ಡ್ಯಾನ್‌ಗೆ ಈ ಕೆಲಸ ಮಾಡಿದ್ದು ಹಿಪ್‌ಹಾಪ್. ಹಳೆಯ ರೆಕಾರ್ಡು ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ಅದರ ತಾಳ, ಸ್ವರಗಳ ತುಣುಕು ಕತ್ತರಿಸಿ ಹೊಸ ಹಾಡು ಕಟ್ಟುವವರಿಗೆ ಗೌರವದ ಪಟ್ಟಿ ಬೇಕಿರಲಿಲ್ಲ, ಒಳ್ಳೆಯ ನಾದ ಬೇಕಿತ್ತು. ಡಿ ಲಾ ಸೋಲ್ ತಂಡ 1989ರಲ್ಲಿ ಸ್ಟೀಲಿ ಡ್ಯಾನ್‌ನ ‘ಪೆಗ್’ ಹಾಡಿನ ತುಣುಕನ್ನು ಬಳಸಿತು. ಫ್ಲೀಟ್‌ವುಡ್ ಮ್ಯಾಕ್‌ನ ‘ಲ್ಯಾಂಡ್‌ಸ್ಲೈಡ್’ ಅನ್ನು 1994ರಲ್ಲಿ ಸ್ಮ್ಯಾಷಿಂಗ್ ಪಂಪ್‌ಕಿನ್ಸ್, ‘ಗೋಲ್ಡ್ ಡಸ್ಟ್ ವುಮನ್’ ಅನ್ನು 1996ರಲ್ಲಿ ಹೋಲ್ ಎಂಬ ತಂಡಗಳು ಮತ್ತೆ ಹಾಡಿದವು. ಹಿಪ್‌ಸ್ಟರ್‌ಗಳು ಬಂದಾಗ ಬಾಗಿಲು ಆಗಲೇ ತೆರೆದಿತ್ತು.

ಒಳಹೊಕ್ಕವರಲ್ಲಿ ಹಲವರು ನಗುತ್ತಲೇ ಹೊಕ್ಕರು. 2005ರಲ್ಲಿ ಅಂತರ್ಜಾಲದಲ್ಲಿ ಬಂದ ‘ಯಾಟ್ ರಾಕ್’ ಎಂಬ ಹಾಸ್ಯ ಸರಣಿ ಕ್ಯಾಲಿಫೋರ್ನಿಯಾದ ಮೃದು ರಾಕ್ ಗಾಯಕರನ್ನು ಲೇವಡಿ ಮಾಡಲೆಂದೇ ಹುಟ್ಟಿದ್ದು. ಅದರ ಹೆಸರೇ ಮುಂದೆ ಒಂದು ಪ್ರಕಾರದ ಹೆಸರಾಯಿತು. ನಗು ಕರಗಿ ಮೆಚ್ಚುಗೆ ಉಳಿಯಿತು. 2017ರಲ್ಲಿ ಥಂಡರ್‌ಕ್ಯಾಟ್ ಎಂಬ ಲಾಸ್ ಏಂಜಲೀಸ್‌ನ ಬೇಸ್ ವಾದಕ, ಆ ಸರಣಿ ಗೇಲಿ ಮಾಡಿದ್ದ ಮೈಕಲ್ ಮೆಕ್‌ಡೊನಾಲ್ಡ್ ಮತ್ತು ಕೆನ್ನಿ ಲಾಗಿನ್ಸ್ ಅವರನ್ನೇ ತನ್ನ ಹಾಡಿಗೆ ಕರೆದ.

ಬಾಗಿಲು ದಾಟಿದವರನ್ನು ಹಿಡಿದಿಟ್ಟದ್ದು ಕೆಲಸದ ಗಟ್ಟಿತನ. ‘ಪೆಗ್’ ಹಾಡಿನ ಗಿಟಾರ್ ಭಾಗಕ್ಕೆ ಹಲವು ನುರಿತ ವಾದಕರನ್ನು ನುಡಿಸಿ ನೋಡಿ, ತೃಪ್ತಿಯಾಗದೆ, ಕೊನೆಗೆ ಜೇ ಗ್ರೇಡನ್ ನುಡಿಸಿದ್ದನ್ನು ಇಟ್ಟುಕೊಳ್ಳಲಾಯಿತು. ‘ರೂಮರ್ಸ್’ ಬಹುಪಾಲು ಧ್ವನಿಮುದ್ರಣಗೊಂಡ 1976ರಲ್ಲಿ ತಂಡದ ಎರಡು ಜೋಡಿಗಳು ಒಡೆಯುತ್ತಿದ್ದವು. ಲಿಂಡ್ಸೀ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಒಬ್ಬರ ಮೇಲೊಬ್ಬರು ಬರೆದ ಹಾಡುಗಳಿಗೆ ಒಬ್ಬರಿಗೊಬ್ಬರು ದನಿಗೂಡಿಸಿದರು. ಪಂಕ್ ಚಳವಳಿಗೆ ಇದು ಬರೀ ನುಣುಪಾಗಿ ಕೇಳಿಸಿತು. ಗಣಕದಲ್ಲಿ ತಾಳ, ಶ್ರುತಿಗಳನ್ನು ತಿದ್ದಿದ ಹಾಡುಗಳ ನಡುವೆ ಬೆಳೆದ ಕಿವಿಗೆ ಅದೇ ನುಣುಪಿನಲ್ಲಿ ಮನುಷ್ಯರ ಕೈ, ಉಸಿರು ಕೇಳಿಸುತ್ತದೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ 2003ರ ಪಟ್ಟಿಯಲ್ಲಿ 25ನೆಯದಾಗಿದ್ದ ‘ರೂಮರ್ಸ್’, 2020ರ ಪಟ್ಟಿಯಲ್ಲಿ 7ಕ್ಕೇರಿತು.

ತಂತ್ರಜ್ಞಾನದ ಪಾತ್ರ ದೊಡ್ಡದಾದರೂ ಸರಳ. ಮೊಬೈಲಿನಲ್ಲಿ 1977ರ ಹಾಡೂ ನಿನ್ನೆಯ ಹಾಡೂ ಅಕ್ಕಪಕ್ಕ ಕೂತಿರುತ್ತವೆ. 2020ರಲ್ಲಿ ಸ್ಕೇಟ್‌ಬೋರ್ಡಿನ ಮೇಲೆ ಹಣ್ಣಿನ ರಸ ಕುಡಿಯುತ್ತ ಸಾಗುವ ಒಬ್ಬ ಕಾರ್ಮಿಕನ ಟಿಕ್‌ಟಾಕ್ ತುಣುಕು ‘ರೂಮರ್ಸ್’ ಆಲ್ಬಂನ ‘ಡ್ರೀಮ್ಸ್’ ಹಾಡನ್ನು 43 ವರ್ಷಗಳ ಬಳಿಕ ಬಿಲ್‌ಬೋರ್ಡ್ ಪಟ್ಟಿಗೆ ಮರಳಿಸಿತು. ಅದೇ ವರ್ಷ ಅಮೆರಿಕದಲ್ಲಿ ವಿನೈಲ್ ರೆಕಾರ್ಡುಗಳ ಆದಾಯ 1980ರ ದಶಕದ ನಂತರ ಮೊದಲ ಬಾರಿಗೆ ಸಿ.ಡಿ.ಗಳದ್ದನ್ನು ಮೀರಿತು.

ಬೆಂಗಳೂರಿನಂಥ ಭಾರತೀಯ ನಗರಗಳ ಅನುಭವ ಬೇರೆ. ಇಲ್ಲಿ ಆಬಾ, ಬೋನಿ ಎಂ. ತಂಡಗಳ ಕ್ಯಾಸೆಟ್ಟುಗಳು ಹಲವು ಮನೆಗಳಲ್ಲಿ ಓಡಿದವು. ಶಿಕಾಗೋದ ಸ್ಫೋಟವಾಗಲಿ ಸ್ಟಾಕ್‌ಹೋಮಿನ ಪ್ರತಿಭಟನೆಯಾಗಲಿ ಕೇಳುಗರನ್ನು ಮುಟ್ಟಲಿಲ್ಲ. ಬಹಿಷ್ಕಾರವೇ ನಡೆಯದ ಕಡೆ ಮರುಪ್ರವೇಶದ ಸಡಗರವೂ ಕಾಣದು. ಹಳೆಯ ತೀರ್ಪು ಹಾಡಿನ ಗುಣದ ಮೇಲೆ ನಿಂತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಾವಲುಗಾರರು ಸಿಗದ ಬ್ಯಾಂಡುಗಳು, ಎಷ್ಟೇ ಚೆನ್ನಾಗಿ ನುಡಿಸಿದ್ದರೂ, ಹಿಂತಿರುಗಿಲ್ಲ. ಈ ಚರಿತ್ರೆಯನ್ನು ಬರೆಯುವವರು ಬ್ರೂಕ್ಲಿನ್ನಿನ ರೆಕಾರ್ಡ್ ಅಂಗಡಿಗಳಿಗಿಂತ ಮೊದಲು ಸಲಿಂಗಿಗಳ ಕ್ಲಬ್ಬುಗಳ ಹೆಸರನ್ನೂ ಹಿಪ್‌ಹಾಪ್ ನಿರ್ಮಾಪಕರ ಹೆಸರನ್ನೂ ಬರೆಯಬೇಕು. ಆ ಋಣ ಇನ್ನೂ ಪೂರ್ತಿ ಸಂದಿಲ್ಲ.