ಹಲಗೆಗೆ ಹಲಗೆ ಕೂಡಿಸುವ ಬಗೆ

ಶಿರಸಿ ಬಳಿಯ ಸ್ವರ್ಣವಲ್ಲಿ ಸೀಮೆಯ ಹಳೆಯ ಮನೆಗಳಲ್ಲಿ ಒಂದೆರಡೇ ಅಗಲ ಹಲಗೆಯಲ್ಲಿ ಮುಗಿದ ಬಾಗಿಲುಗಳನ್ನು ನೀವು ನೋಡಿರಬಹುದು. ಈಗ ಅಂಥ ದಪ್ಪ ಮರ ಸಿಗುವುದು ಅಪರೂಪ. ನಾಲ್ಕೈದು ಕಿರಿದಾದ ಹಲಗೆ ಕೂಡಿಸಿಯೇ ಕೆಲಸ ಸಾಗಬೇಕು. ಕೂಡಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಬಹಳ ಹಳೆಯದು.

ತೊಡಕಿರುವುದು ಮರದ ಗುಣದಲ್ಲಿ. ಮರ ಉದ್ದಕ್ಕೆ ಬಹುತೇಕ ಬದಲಾಗದು. ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಆಷಾಢದಲ್ಲಿ ಬಿಗಿದು ಕೂತ ಬಾಗಿಲು ಶಿವರಾತ್ರಿ ಹೊತ್ತಿಗೆ ಬಿರುಕು ತೋರಿಸುತ್ತದೆ.

ಮಯಮತ, ಮಾನಸಾರ ಎಂಬ ವಾಸ್ತುಗ್ರಂಥಗಳು ಮರದ ಜೋಡಣೆಗೆ ಸಂಧಿಕರ್ಮವೆಂಬ ಅಧ್ಯಾಯವನ್ನೇ ಮೀಸಲಿಟ್ಟಿವೆ. ಕರಾವಳಿಯ ಹಡಗು ಕಟ್ಟುವವರು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಅದೇ ಕ್ರಮದಲ್ಲಿ ಕಟ್ಟಿದ ‘ಕೌಂಡಿನ್ಯ’ ಹಡಗನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಲ್ಲಿ ನೌಕಾಪಡೆ 2025ರ ಮೇ 21ರಂದು ಸೇರಿಸಿಕೊಂಡಿತು.

ಮರಗೆಲಸದವರಿಗೆ ಬೇರೆ ದಾರಿಗಳಿದ್ದವು. ಒಂದು ಹಲಗೆಯ ಅಂಚಿಗೆ ತೋಡು ತೆಗೆದು, ಇನ್ನೊಂದರ ಅಂಚನ್ನು ನಾಲಿಗೆಯಂತೆ ಕೊರೆದು ಕೂರಿಸುವುದು ಒಂದು. ಅಂಚಿನೊಳಗೆ ಬಿದಿರಿನ ಮೊಳೆ ಹೊಡೆಯುವುದು, ಹಿಂಬದಿಗೆ ಅಡ್ಡಪಟ್ಟಿ ಬಡಿಯುವುದು ಇನ್ನೆರಡು. ಅಂಟಿಗೆ ಮರವಜ್ರವಿತ್ತು. ದನದ ಚರ್ಮ, ಎಲುಬು ಬೇಯಿಸಿ ತೆಗೆದದ್ದು; ಬಿಸಿಯಾಗಿ ಹಚ್ಚಬೇಕು. ತೇವ ತಾಗಿದರೆ ಮೆತ್ತಗಾಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಅದನ್ನೊಂದನ್ನೇ ನಂಬುವಂತಿರಲಿಲ್ಲ.

1956ರಲ್ಲಿ ಸ್ವಿಟ್ಜರ್‌ಲೆಂಡಿನ ಹರ್ಮನ್ ಸ್ಟೈನರ್ ಬಿಸ್ಕತ್ತಿನಾಕಾರದ ಮರದ ಬಿಲ್ಲೆಯ ಜೋಡಣೆ ರೂಪಿಸಿದರು. 1959ರಲ್ಲಿ ಭಾರತದ ಮಾರುಕಟ್ಟೆಗೆ ಫೆವಿಕಾಲ್ ಬಂತು. ಕಾಯಿಸುವ ಗೋಜಿಲ್ಲ, ಡಬ್ಬಿ ತೆಗೆದು ಹಚ್ಚಿದರಾಯಿತು. ಚೆನ್ನಾಗಿ ಕೂತ ಅಂಟುಸಂದು ಮರಕ್ಕಿಂತ ಗಟ್ಟಿ. ಎಳೆದರೆ ಪಕ್ಕದ ಮರವೇ ಸೀಳುತ್ತದೆ. ಬಿಲ್ಲೆ, ಮೊಳೆಗಳು ಹಲಗೆಗಳನ್ನು ಮಟ್ಟಸವಾಗಿ ಕೂರಿಸಲು ಒದಗುತ್ತವೆ, ಅಷ್ಟೇ.

ಹಾಗಾದರೆ ಯಾವುದನ್ನು ಆರಿಸಬೇಕು? ಮೇಜಿನ ಮೇಲ್ಮೈಗೆ ಬರಿಯ ಅಂಟು ಸಾಕು. ಆದರೆ ಉಜ್ಜುಗೊರಡು ಹೊಡೆದ ಎರಡು ಅಂಚುಗಳನ್ನು ಕೂಡಿಸಿ ಕಿಟಕಿಗೆ ಹಿಡಿದಾಗ ನಡುವೆ ಬೆಳಕು ನುಸುಳಬಾರದು. ಬಾಗಿಲಿನ ಹಲಗೆಯನ್ನಾದರೆ ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಸಡಿಲ ಬಿಡಿ, ಹಿಗ್ಗಲು ಜಾಗವಿರಲಿ. ಮಳೆ ತಾಗುವ ಕಡೆಗೆ ನೀರು ತಡೆಯುವ ಅಂಟನ್ನೇ ಕೇಳಿ ತನ್ನಿ.

ಎಲ್ಲಕ್ಕಿಂತ ಮೊದಲು ಮರ ಒಣಗಿರಬೇಕು. ಹಸಿ ಹಲಗೆಗೆ ಯಾವ ಜೋಡಣೆಯೂ ನಿಲ್ಲದು. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ನಿಮ್ಮ ಆಚಾರಿಯನ್ನು ಅವಸರಪಡಿಸಬೇಡಿ.