ಏರಿದ ಗೇರಿನಲ್ಲೇ ಇಳಿಯಬೇಕು



ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಸೀಮೆಗಳಿಂದ ಲಾರಿ, ಟ್ರ್ಯಾಕ್ಟರ್ ನಡೆಸುವವರು ಬಹಳ ಮಂದಿ ಇಂದು ಇಲ್ಲಿ ಕೂಡಿದ್ದೀರಿ. ಕಬ್ಬಿನ ಹಂಗಾಮು ಬಂದಿತು. ಇನ್ನು ನಿಮಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಆದುದರಿಂದ ದೊಡ್ಡ ಮಾತುಗಳನ್ನು ಬದಿಗಿಟ್ಟು ನಿಮ್ಮ ಕೈಗೂ ಕಾಲಿಗೂ ಹತ್ತಿದ ಒಂದು ಮಾತನ್ನು ಹೇಳಬೇಕೆಂದು ನಾವು ಬಂದಿದ್ದೇವೆ. ಅದು ಗೇರು ಬದಲಿಸುವ ಮಾತು. ನಗಬೇಡಿರಿ. ಸ್ವಾಮಿಗಳಿಗೆ ಗೇರಿನ ವಿಷಯ ಏನು ಗೊತ್ತು ಎಂದು ನೀವು ಕೇಳಬಹುದು. ನಮಗೆ ಗೊತ್ತಿರಲಿಲ್ಲ, ನಿಮ್ಮಂಥವರೇ ಕಲಿಸಿದರು.

ಕೆಲವು ವರ್ಷಗಳ ಹಿಂದಿನ ಮಾತು. ಸಂಜೆಯ ಹೊತ್ತು ನಾವು ಹಳಿಯಾಳದ ಕಡೆಗೆ ಬರುತ್ತಿದ್ದೆವು. ಮುಂದೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುತ್ತಿತ್ತು. ಹಿಂದೆ ಮೂರು ಮಕ್ಕಳು ಕಬ್ಬು ಕೀಳುತ್ತ ಓಡುತ್ತಿದ್ದರು. ಏರಿನ ನಡುವೆ ಎಂಜಿನ್ ದಣಿಯಿತು, ಕಪ್ಪು ಹೊಗೆ ಕಾರಿತು. ನಡೆಸುವವನು ಎಳೆಯ ಹುಡುಗ. ಕೆಳಗಿನ ಗೇರು ಹಾಕಲೆಂದು ಕ್ಲಚ್ ತುಳಿದ. ಗೇರು ಬೀಳಲಿಲ್ಲ. ಎಂಜಿನ್ನಿಗೂ ಗಾಲಿಗೂ ಸಂಬಂಧವೇ ಹರಿದಿತ್ತು. ಅಷ್ಟೂ ಭಾರ ಹಿಂದಕ್ಕೆ ಜಗ್ಗಿತು. ಟ್ರೇಲರ್ ಹಿಮ್ಮುಖವಾಗಿ ಉರುಳಿ, ಓರೆಯಾಗಿ, ಬದಿಯ ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. ನಾವು ಇಳಿದು ಓಡಿದೆವು. ಒಂದು ಮಗುವಿನ ಚಪ್ಪಲಿ ಗಾಲಿಯ ಕೆಳಗೆ ಸಿಕ್ಕಿತ್ತು. ಕಾಲು ಸಿಕ್ಕಿರಲಿಲ್ಲ. ಅಷ್ಟೇ ಅಂತರ.

ನಮ್ಮ ಗಾಡಿ ನಡೆಸುತ್ತಿದ್ದ ಹಿರಿಯರು ಬಹಳ ವರ್ಷ ದಾಂಡೇಲಿಗೆ ಬಿದಿರು, ನಾಟಾ ಸಾಗಿಸಿದವರು. ಅವರು ಹುಡುಗನನ್ನು ಬೈಯಲಿಲ್ಲ. ಮೊದಲು ಗಾಲಿಗೆ ಕಲ್ಲು ಕೊಟ್ಟರು. ಆಮೇಲೆ ಕೇಳಿದರು: "ಯಾಕ ಇಷ್ಟು ಅವಸರ ಮಾಡಿದಿ ತಮ್ಮಾ?"

"ಫ್ಯಾಕ್ಟರ್‍ಯಾಗ ಪಾಳಿ ತಪ್ಪತಿತ್ತು ಕಾಕಾ."

"ಪಾಳಿ ತಪ್ಪಿದ್ರ ನಾಳಿ ಬರತೈತಿ. ಗಾಡಿ ದಣಿದ ಮ್ಯಾಲೆ ಗೇರು ಹುಡುಕಬಾರದು. ಏರು ಕಣ್ಣಿಗೆ ಬಿದ್ದ ಕೂಡ್ಲೆ ಹುಡುಕಬೇಕು."

ಬಂಧುಗಳೇ, ಆ ಒಂದು ಮಾತಿನ ಅರ್ಥವನ್ನು ನಾವು ಅವರಿಂದ ಬಿಡಿಸಿ ಬಿಡಿಸಿ ಕೇಳಿದೆವು. ರುಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ಎಂಜಿನಿಯರ್ 1897ರಲ್ಲಿ ತನ್ನ ಎಂಜಿನ್ನನ್ನು ನಡೆಸಿ ತೋರಿಸಿದ. ಅದರಲ್ಲಿ ಕಿಡಿ ಹಚ್ಚುವುದಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿಗೇ ಎಣ್ಣೆ ಹೊತ್ತುತ್ತದೆ. ಇಂಥ ಎಂಜಿನ್ ಕಡಿಮೆ ಸುತ್ತಿನಲ್ಲಿಯೇ ಒಳ್ಳೆಯ ಎಳೆತ ಕೊಡುತ್ತದೆ. ಆದರೆ ಆ ಎಳೆತಕ್ಕೂ ಒಂದು ಮಿತಿ ಉಂಟು. ಸುತ್ತು ತೀರ ಇಳಿದ ಮೇಲೆ ಎಕ್ಸಿಲೇಟರ್ ಎಷ್ಟು ತುಳಿದರೂ ಹೊಗೆ ಬರುತ್ತದೆಯೇ ಹೊರತು ಬಲ ಬರುವುದಿಲ್ಲ.

ಹೊರಡುವಾಗ ಏನು ಮಾಡಬೇಕು? ಸಣ್ಣ ಗೇರಿನಲ್ಲೇ ಹೊರಡಬೇಕು. ಕ್ಲಚ್ಚನ್ನು ಮೆಲ್ಲನೆ ಬಿಟ್ಟು, ಅದು ಹಿಡಿಯುವ ಜಾಗದಲ್ಲಿ ಒಂದು ಕ್ಷಣ ತಡೆದು, ಕೊಂಡಿಯ ಸಡಿಲು ತುಂಬಿಕೊಂಡ ಮೇಲೆ ಎಳೆಯಬೇಕು. ಜಗ್ಗಿದರೆ ಕೊಂಡಿಗೂ ಪೆಟ್ಟು, ಗೇರ್ ಬಾಕ್ಸಿಗೂ ಪೆಟ್ಟು. ಗಾಡಿ ಸಾಗಿದ ಮೇಲೆ ಕಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡಿರಬಾರದು. ಅರ್ಧ ಹಿಡಿದು ಅರ್ಧ ಬಿಟ್ಟ ಕ್ಲಚ್ಚು ಉಜ್ಜಿ ಉಜ್ಜಿ ಸುಡುತ್ತದೆ. ವಾಸನೆ ನಿಮಗೆಲ್ಲ ಗೊತ್ತು.

ಭಾರದ ಗಾಡಿ ಏರಿನಲ್ಲಿ ಕ್ಲಚ್ ತುಳಿದ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ಆದುದರಿಂದ ಎಂಜಿನ್ ಉಸಿರು ಕಟ್ಟುವ ಮೊದಲೇ ಗೇರು ಇಳಿಸಬೇಕು. ಹಳೆಯ ಲಾರಿಗಳಲ್ಲಿ ಎರಡು ಸಲ ಕ್ಲಚ್ ತುಳಿಯುವ ಪದ್ಧತಿ ಇತ್ತು. ತುಳಿದು ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಎಕ್ಸಿಲೇಟರ್ ಸ್ವಲ್ಪ ಒತ್ತಿ ಸುತ್ತು ಏರಿಸುವುದು, ಮತ್ತೆ ತುಳಿದು ಕೆಳಗಿನ ಗೇರು ಹಾಕುವುದು. ಏಕೆ? ಒಳಗಿನ ಹಲ್ಲುಗಳೆರಡೂ ಸಮನಾಗಿ ತಿರುಗಿದರೆ ಮಾತ್ರ ಸದ್ದಿಲ್ಲದೆ ಕೂಡುತ್ತವೆ. ಒತ್ತಾಯದಿಂದ ಕೂಡಿಸಿದರೆ ಹಲ್ಲು ಮುರಿಯುತ್ತದೆ. ಇನ್ನು ಅನೇಕ ಟ್ರ್ಯಾಕ್ಟರುಗಳಲ್ಲಿ ಓಡುತ್ತಿರುವಾಗ ಗೇರು ಇಳಿಸಲಿಕ್ಕೇ ಬರುವುದಿಲ್ಲ, ನಿಲ್ಲಿಸಿಯೇ ಹಾಕಬೇಕು. ಅಂಥ ಗಾಡಿಯವನು ಏರಿನ ಬುಡದಲ್ಲೇ ನಿಂತು, ಸಣ್ಣ ಗೇರು ಹಾಕಿ, ಅದರಲ್ಲೇ ನೆತ್ತಿ ಮುಟ್ಟಬೇಕು. ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಏರಿಗಿಂತ ಇಳುಕಲು ಹೆಚ್ಚು ಅಪಾಯ. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ, ಕಾರವಾರದ ಕಡೆಗೆ ಹೋದವರು ಇದನ್ನು ಬಲ್ಲರು. ಅಲ್ಲಿ ಭಾರ ಹಿಂದಿನಿಂದ ನೂಕುತ್ತದೆ. ಬರೀ ಬ್ರೇಕನ್ನೇ ನಂಬಿ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ತಾಸಿಗೆ 20 ಕಿಲೋಮೀಟರಿನಲ್ಲಿ ನಿಲ್ಲುವ ಗಾಡಿ 40ರಲ್ಲಿ ನಿಲ್ಲುತ್ತದೆಂದು ತಿಳಿಯಬೇಡಿರಿ. ಹಿರಿಯ ಡ್ರೈವರುಗಳ ಸೂತ್ರ ಒಂದೇ: ಏರಿದ ಗೇರಿನಲ್ಲೇ ಇಳಿಯಬೇಕು. ಕಡಿದಾದ ಕಡೆ ಅದಕ್ಕಿಂತಲೂ ಒಂದು ಕೆಳಗೆ. ಅದನ್ನು ನೆತ್ತಿಯ ಮೇಲೆಯೇ ಹಾಕಿಕೊಳ್ಳಬೇಕು. ಇಳಿಯತೊಡಗಿದ ಮೇಲೆ ಅದು ಬೀಳುವುದಿಲ್ಲ.

ಕೆಲವರು ಡೀಸೆಲ್ ಉಳಿಸಲೆಂದು ಇಳುಕಲಿನಲ್ಲಿ ನ್ಯೂಟ್ರಲ್ ಮಾಡುತ್ತಾರೆ. ಇದು ಉಳಿತಾಯವೇ ಅಲ್ಲ. ಗೇರಿನಲ್ಲಿದ್ದು ಎಕ್ಸಿಲೇಟರಿನಿಂದ ಕಾಲು ತೆಗೆದರೆ ಎಣ್ಣೆ ಬಹುಮಟ್ಟಿಗೆ ತಾನೇ ನಿಲ್ಲುತ್ತದೆ, ಗಾಲಿಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಎಣ್ಣೆ ಸುಡಲೇಬೇಕು. ಎಂಜಿನ್ ಬಂದ್ ಮಾಡಿ ಇಳಿಯುವವರಂತೂ ಸಾವನ್ನೇ ಪಕ್ಕದಲ್ಲಿ ಕೂಡ್ರಿಸಿಕೊಂಡಂತೆ. ಏರ್ ಬ್ರೇಕಿಗೆ ಗಾಳಿ ತುಂಬುವುದೇ ಎಂಜಿನ್.

ಟ್ರ್ಯಾಕ್ಟರಿನವರಿಗೆ ಇನ್ನೊಂದು ಮಾತು. ಹೊಲದಲ್ಲಿ ಹೊರಳಲಿಕ್ಕೆ ಎಡಬಲದ ಬ್ರೇಕುಗಳು ಬೇರೆ ಬೇರೆ ಇರುತ್ತವೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಚಿಲಕ ಹಾಕಿರಿ. ಒಂದೇ ಬದಿಗೆ ಬ್ರೇಕು ಬಿದ್ದರೆ ಹಿಂದಿನ ಭಾರ ನಿಮ್ಮನ್ನು ಅಡ್ಡ ತಿರುಗಿಸಿ ಕೆಡವುತ್ತದೆ. ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಅಷ್ಟೂ ಭಾರವನ್ನು ಮುಂದಿನ ಗಾಡಿಯೊಂದೇ ತಡೆಯಬೇಕು.

ಮಾಲೀಕರೂ ಇಲ್ಲಿ ಇದ್ದೀರಿ, ನಿಮಗೂ ಹೇಳುತ್ತೇವೆ. ತಪ್ಪು ಆ ಹುಡುಗನದು ಒಬ್ಬನದೇ ಏನು? ಒಂದರ ಮೇಲೆ ಒಂದು ಟ್ರೇಲರ್ ಕಟ್ಟಿದವರು ಯಾರು? ಕಲಿಯದವನ ಕೈಗೆ ಸ್ಟೇರಿಂಗ್ ಕೊಟ್ಟು "ಬೇಗ ಬಾ" ಎಂದವರು ಯಾರು? ಕಾಯಕ ಎಂದರೆ ಬರೀ ದುಡಿಯುವುದಲ್ಲ. ನಮ್ಮ ದುಡಿಮೆಯಿಂದ ಇನ್ನೊಬ್ಬರ ಮನೆಯ ದೀಪ ಆರದಂತೆ ನೋಡಿಕೊಳ್ಳುವುದೂ ಕಾಯಕವೇ. ನಿಮ್ಮ ಹುಡುಗರನ್ನು ಖಾಲಿ ಟ್ರೇಲರ್ ಕಟ್ಟಿಸಿ, ಹಿರಿಯರ ಪಕ್ಕದಲ್ಲಿ ಕೂಡ್ರಿಸಿ, ನಾಲ್ಕು ದಿನ ಕಲಿಸಿರಿ. ಆ ನಾಲ್ಕು ದಿನದ ಬಾಡಿಗೆ ಹೋದರೆ ಹೋಗಲಿ.

ತಾಯಂದಿರೇ, ಮಕ್ಕಳನ್ನು ಕಬ್ಬಿನ ಗಾಡಿಯ ಹಿಂದೆ ಬಿಡಬೇಡಿರಿ. ಬೇಕಾದರೆ ಗಾಡಿ ನಿಂತಾಗ ಕೇಳಲಿ. ಕೇಳಿದ ಮಗುವಿಗೆ ಒಂದು ಜಲ್ಲೆ ಇಲ್ಲವೆನ್ನುವ ರೈತ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ.

ಆ ಚಪ್ಪಲಿಯನ್ನು ಹಿರಿಯರು ಗಾಲಿಯ ಕೆಳಗಿನಿಂದ ಎಳೆದು, ಧೂಳು ಕೊಡವಿ, ಮಗುವಿನ ಕಾಲಿಗೆ ತಾವೇ ತೊಡಿಸಿದರು. ಈ ಹಂಗಾಮಿನಲ್ಲಿ ಏರು ಕಂಡಾಗಲೆಲ್ಲ ಅದನ್ನು ನೆನೆಯಿರಿ. ಎಲ್ಲರೂ ಕ್ಷೇಮವಾಗಿ ಮನೆ ಮುಟ್ಟಿರಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.